ಒಳಗೆ ಹಚ್ಚಿದ ಗಂಧ

"ಇದ್ರಾಗ ತಪ್ಪೇನೈತ್ರಿ? ಬರಾಬರಿ ಐತಲ್ಲ," ಅಂದ ಭೋಜರಾಜ.

ಮಾತು ಹರಿದಾಸರ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ರಿಚಿ ಸ್ಟ್ರೀಟಿನ ಹಗಲಿನ ಗದ್ದಲವೆಲ್ಲ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಕೆಳಗೆ ಮಾನಿಟರ್ ಹೊತ್ತವನೊಬ್ಬ ದಾರಿಗೆ ಅಡ್ಡ ನಿಂತವರನ್ನು ತಮಿಳಿನಲ್ಲಿ ತರಾಟೆಗೆ ತೆಗೆದುಕೊಂಡಿದ್ದ. ಭೋಜರಾಜ ಹುಬ್ಬಳ್ಳಿ ಕಡೆಯಿಂದ ಬಂದು ಈ ಬೀದಿಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಸಗಟು ವ್ಯಾಪಾರಕ್ಕೆ ಇಳಿದವನು. ಈಗ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಲ್ಲಿ ತೂಗುತ್ತಿದ್ದ.

"ಬರಾಬರಿ ಹೇಗಾಗುತ್ತೆ?" ಎಂದರು ಹರಿದಾಸರು. "ಪ್ರೊಸೆಸರ್ ಡಬ್ಬದ ಮೇಲೆ ಸಾವಿರದ ಎಂಟುನೂರು ಅಂತಿದೆ. ಆ ಹುಡುಗಿ ಆಫೀಸಿನ ಬೋರ್ಡಿನ ಮೇಲೆ ತಾನೇ ಬರೆದಿದಾಳೆ, ಓಡ್ತಿರೋದು ಸಾವಿರದ ಐನೂರ ಮೂವತ್ತಮೂರರಲ್ಲಿ ಅಂತ. ನಡುವಿನದ್ದು ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ರಿ. ಅಥ್ಲಾನ್ ಸಾವಿರದ ಎಂಟುನೂರು ಪ್ಲಸ್ ಅಂದ್ರ ಅದು ಓಡೂದೇ ಸಾವಿರದ ಐನೂರ ಮೂವತ್ತಮೂರರಾಗ. ನೀವು ಹೇಳೂ ನಂಬರು ಅದರ ವೇಗ ಅಲ್ಲ, ಅದರ ಬಿರುದು."

ಹರಿದಾಸರ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ನಿನ್ನೆ ಅಂಬತ್ತೂರಿನಲ್ಲಿ, ಯಂತ್ರಭಾಗಗಳ ಅಚ್ಚು ವಿನ್ಯಾಸ ಮಾಡುವ ಆ ಕಚೇರಿಯಲ್ಲಿ, ಸುಟ್ಟುಹೋದ ಹೊಸ ಕಂಪ್ಯೂಟರಿನ ಮುಂದೆ, ಎಲ್ಲರೆದುರು ಅವರು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಸುಮತಿಯನ್ನು ಕಳ್ಳಿ ಎಂದದ್ದು ಇದೇ ಸಂಖ್ಯೆಯನ್ನು ಹಿಡಿದು. ಹೆಚ್ಚು ವೇಗದ ಪ್ರೊಸೆಸರನ್ನು ಮಾರಿಕೊಂಡು, ಕಡಿಮೆಯದನ್ನು ಕೂರಿಸಿ, ಅದನ್ನು ಮಿತಿ ಮೀರಿದ ವೇಗಕ್ಕೆ ಬಾರುಕೋಲಿನಿಂದ ಬಡಿದು ಓಡಿಸಲು ಹೋಗಿ ಸುಟ್ಟಿದ್ದಾಳೆ ಎಂದು ಲೆಕ್ಕ ಕಟ್ಟಿ ಹೇಳಿದ್ದರು. ಮಾರಿಕೊಂಡದ್ದನ್ನು ಯಾರು ಕೊಂಡರು ಎಂದು ಹುಡುಕಿಕೊಂಡೇ ಈಗ ಇಲ್ಲಿಗೆ ಬಂದದ್ದು. ಇವತ್ತು ಸಂಜೆ ಕಚೇರಿಯ ಮ್ಯಾನೇಜರ್ ಕೃಷ್ಣಮೂರ್ತಿ ಪೊಲೀಸರಿಗೆ ಅವಳ ಹೆಸರು ಕೊಡುವವರಿದ್ದರು.

ಭೋಜರಾಜನಿಗೆ ವಿಷಯ ಸಿಕ್ಕಿದ್ದೇ ಸಾಕಾಯಿತು, ಹುರುಪಿನಿಂದ ಹೇಳತೊಡಗಿದ. ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ ಎಂದ. ಇನ್ನೊಂದು ಕಂಪನಿಯ ಪ್ರೊಸೆಸರ್ ಪೆಂಟಿಯಂ ಫೋರ್ ಅಂದರೆ ಚಮಚದಲ್ಲಿ ಸರಸರ ಬಡಿಸುತ್ತ ಓಡುವವನು. ಅಥ್ಲಾನ್ ಸೌಟಿನವನು, ಕೈ ನಿಧಾನ, ಆದರೆ ಒಂದೊಂದು ಸಲಕ್ಕೂ ಎಲೆ ತುಂಬುತ್ತದೆ. ಯಾರ ಕೈ ಎಷ್ಟು ಸಲ ಆಡಿತು ಎಂದು ಎಣಿಸಿದರೆ ಚಮಚದವನೇ ಗೆಲ್ಲುತ್ತಾನೆ, ಊಟ ಮುಗಿದವರನ್ನು ಎಣಿಸಿದರೆ ಲೆಕ್ಕ ಬೇರೆ. ಹಾಗಂತ ಚಮಚದವನನ್ನೂ ತೆಗೆದುಹಾಕಬೇಡಿ. ಹಾಡು, ಸಿನಿಮಾ ಒತ್ತಿ ಚಿಕ್ಕದು ಮಾಡುವ ಕೆಲಸಕ್ಕೆ, ಒಂದೇ ಬಗೆಯದನ್ನು ಸಾಲಾಗಿ ಬಡಿಸುವುದಕ್ಕೆ ಅವನೇ ಸೈ. ನಕ್ಷೆ ಬರೆಯುವಂಥ ಕೆಲಸಕ್ಕೆ ಸೌಟಿನವನು. ಬರೀ ವೇಗ ಕೇಳುವ ಗಿರಾಕಿಗಳ ಕಾಟಕ್ಕೇ ಸೌಟಿನವನು ಸಾವಿರದ ಎಂಟುನೂರರ ಚಮಚದವನಿಗೆ ಸಮ ಎಂದು ಇಂಥದೊಂದು ಬಿರುದು ಇಟ್ಟುಕೊಂಡಿದ್ದಾನೆ.

"ಕಳ್ಳಿ ಆಗಿದ್ರ ಆ ಹುಡುಗಿ ಅದನ್ನ ಬೋರ್ಡಿನ ಮ್ಯಾಲ ಬರೀತಿದ್ಲೇನ್ರಿ?" ಎಂದು ಕೇಳಿದ. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ. ಅದೇ ಹೆಚ್ಚು ಉರಿಯಿತು.

ವಿಮಾ ಕಂಪನಿಯ ಸರ್ವೇಯರ್ ಆಗಿ ಹರಿದಾಸರು ಎಷ್ಟು ಸುಟ್ಟ ಗೋದಾಮುಗಳ ಬೂದಿ ಕೆದಕಿಲ್ಲ, ಎಷ್ಟು ಸುಳ್ಳರ ಮುಖ ಓದಿಲ್ಲ. ನಿವೃತ್ತಿಯ ಮೇಲೆ ಪತ್ತೇದಾರಿಕೆ ಹಿಡಿದದ್ದೂ ಆ ಧೈರ್ಯದಿಂದಲೇ. ಬೋರ್ಡಿನ ಮೇಲೆ ಬರೆದದ್ದನ್ನು ಅವರು ಅಹಂಕಾರ ಎಂದು ಓದಿದ್ದರು. ಓದಲು ಬಾರದ ಭಾಷೆಯನ್ನು ಓದಿದ್ದೇನೆ ಎಂದುಕೊಂಡಿದ್ದರು.

"ಹಂಗಾದ್ರೆ ಸುಟ್ಟಿದ್ದು ಯಾಕೆ?" ಎಂದರು ಮೆಲ್ಲಗೆ.

ಹರಿದಾಸರು ಸಾಕ್ಷಿ ಎಂದು ಗತ್ತಿನಿಂದ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಸುಟ್ಟ ಪ್ರೊಸೆಸರನ್ನೂ ಅದರ ತಲೆಯ ಮೇಲೆ ಕೂರುವ ಅಲ್ಯೂಮಿನಿಯಂ ತುಂಡನ್ನೂ ಭೋಜರಾಜ ಎದುರಿಗೆ ಎಳೆದುಕೊಂಡ. ಪೆಂಟಿಯಂಗೂ ಅಥ್ಲಾನ್‌ಗೂ ಇನ್ನೊಂದು ವ್ಯತ್ಯಾಸ ಅಲ್ಲೇ ಇದೆ ಎಂದ. ಪೆಂಟಿಯಂ ಫೋರಿಗೆ ಬಿಸಿ ಏರಿದರೆ ತಾನೇ ನಿಧಾನವಾಗಿ ಜೀವ ಉಳಿಸಿಕೊಳ್ಳುತ್ತದೆ. ಇದಕ್ಕೆ ಆ ಬುದ್ಧಿ ಕಲಿಸಿಲ್ಲ, ಮೈ ಸುಡುತ್ತಿದ್ದರೂ ದುಡಿಯುತ್ತದೆ. ಆದ್ದರಿಂದ ಮೇಲಿನ ಫ್ಯಾನು, ಲೋಹದ ತುಂಡು, ನಡುವೆ ಸವರುವ ಬಿಳಿ ಪೇಸ್ಟು, ಇಷ್ಟನ್ನೂ ಜೋಪಾನ ಮಾಡಬೇಕು. ಮಾಡಿದರೆ ಇದರಷ್ಟು ನಿಯತ್ತಿನದು ಇನ್ನೊಂದಿಲ್ಲ.

ಹೇಳುತ್ತ ಹೇಳುತ್ತ ಲೋಹದ ತುಂಡಿನ ಅಡಿಗೆ ಅಂಟಿದ್ದ ಬೆಳ್ಳನೆಯ ಪುಡಿಯನ್ನು ಉಗುರಿನಿಂದ ಕೆರೆದ. ಹುಬ್ಬು ಗಂಟಿಕ್ಕಿತು. ಬೆರಳನ್ನು ಮೂಗಿನ ಹತ್ತಿರ ಒಯ್ದ.

"ಹರಿದಾಸ್ರ, ಇದನ್ನ ಮೂಸ್ರಿ."

ಹರಿದಾಸರು ಮೂಸಿದರು. ಪೇಸ್ಟಿನ ವಾಸನೆ ಹೇಗಿರುತ್ತದೋ ಅವರಿಗೆ ಗೊತ್ತಿಲ್ಲ. ಆದರೆ ಈ ವಾಸನೆ ಹುಟ್ಟಿದಾಗಿನಿಂದ ಗೊತ್ತು.

"ಗಂಧ," ಎಂದರು.

"ಹೌದ್ರಿ. ತೇದ ಗಂಧ. ಹಸಿ ಇದ್ದಾಗ ಪೇಸ್ಟಿನಂಗ ಕಾಣ್ತೈತಿ, ಒಂದೀಟು ಕೆಲಸಾನೂ ಮಾಡ್ತೈತಿ. ಒಣಗಿದ್ರ ಬರೀ ಪುಡಿ, ಬಿಸಿ ಮ್ಯಾಲಕ್ಕ ಹೋಗೂದೇ ಇಲ್ಲ. ಇದು ಕೈತಪ್ಪಿ ಆಗೂ ಕೆಲಸ ಅಲ್ಲ. ಪೇಸ್ಟ್ ಒರಸಿ, ಗಂಧ ಹಚ್ಚಿ, ತಿರುಗಿ ಮುಚ್ಚ್ಯಾರ."

ನಿನ್ನೆ ಕಂಪ್ಯೂಟರಿನ ಡಬ್ಬಿ ತೆರೆದಾಗ ಸುಟ್ಟ ವಾಸನೆಯ ಜೊತೆ ಗಂಧದ ಕಂಪು ಬಂದದ್ದು ಹರಿದಾಸರಿಗೆ ಈಗ ನೆನಪಾಯಿತು. ಆಯುಧಪೂಜೆ ಮುಗಿದು ಕೆಲವೇ ದಿನ. ಎಲ್ಲ ಯಂತ್ರಗಳ ಹಣೆಗೂ ಗಂಧ ಕುಂಕುಮ ಇತ್ತು. "ಹಬ್ಬ ಇನ್ನೂ ಇಲ್ಲೇ ಇದೆ," ಎಂದು ತಾವೇ ಅಲ್ಲಿ ನಗೆಚಾಟಿಕೆ ಮಾಡಿದ್ದರು. ಹಬ್ಬದ ಗಂಧ ಯಂತ್ರದ ಹೊರಗೆ ಇರಬೇಕು, ಒಳಗಿಂದ ಯಾಕೆ ಬಂತು ಎಂದು ಯೋಚಿಸಲಿಲ್ಲ.

ಟೀ ಹಾಗೇ ಬಿಟ್ಟು ಎದ್ದರು. ಎಲ್ಲಿಗೆ ಎಂದು ಭೋಜರಾಜ ಕೇಳಿದ್ದಕ್ಕೆ ಕ್ರೋಂಪೇಟೆ ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಸುಮತಿಯ ಮನೆ ಇದ್ದದ್ದು ಅಲ್ಲಿ.

ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿತ್ತು. ಅವರು ಬಾಗಿಲ ಬಳಿಯೇ ನಿಂತರು. ಕೂತರೆ ಎದುರಿನವರ ಮುಖ ನೋಡಬೇಕಾಗುತ್ತದೆ. ಅಲ್ಲಿದ್ದ ಯಾರಿಗೂ ಅವರ ಪರಿಚಯವಿಲ್ಲ, ನಿಜ. ಆದರೂ ಎಲ್ಲರಿಗೂ ಗೊತ್ತಿದೆ ಎನ್ನಿಸುತ್ತಿತ್ತು.

ಯೋಚನೆಯನ್ನು ತನಿಖೆಯ ಕಡೆಗೆ ಎಳೆದರು. ಗಂಧ ಹಚ್ಚಿದವರು ಯಾರು? ಪೂಜೆಯ ದಿನ ಹೊರಗಿನವನೆಂದರೆ ಪೆಂಟಿಯಂ ಯಂತ್ರ ಕೊಟ್ಟ ಅಂಗಡಿಯ ಮಾರಾಟಗಾರ ವಿಘ್ನೇಶ್ ಒಬ್ಬ. ಸ್ವೀಟು ಹಿಡಿದುಕೊಂಡು ಬಂದಿದ್ದನಂತೆ. ಇಡೀ ಕಚೇರಿಗೆ ಹೊಸ ಕಂಪ್ಯೂಟರ್ ಕೊಳ್ಳುವ ಮುಂಚೆ ಎರಡು ಬಗೆಯದನ್ನೂ ಒಂದೊಂದು ತರಿಸಿ, ಕೊಯಮತ್ತೂರಿನಿಂದ ಬಂದ ಮಾಲೀಕರ ಎದುರು ಓಡಿಸಿ ನೋಡುವುದೆಂದು ಏರ್ಪಾಟಾಗಿತ್ತು. ಮಾಲೀಕರ ಕಣ್ಣೆದುರೇ ಅಥ್ಲಾನ್ ಸುಟ್ಟುಹೋಯಿತು. ಅದರಿಂದ ಲಾಭ ವಿಘ್ನೇಶನಿಗೆ. ಹೀಗೊಂದು ಹೆಸರು ಸಿಕ್ಕಿತೆಂದು ಮನಸ್ಸು ಹಗುರವಾಗತೊಡಗಿದ್ದೇ ತಡ, ಹರಿದಾಸರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ನಿನ್ನೆಯೂ ಹೀಗೇ ಹಗುರಾಗಿತ್ತು.

ಸ್ಟೇಷನ್ ಹೊರಗೆ ಮೂಸಂಬಿ ಕೊಂಡರು. ಕೊಂಡ ಮೇಲೆ, ಇದೇನು ಕಾಯಿಲೆಯವರನ್ನು ನೋಡಲು ಹೊರಟ ಹಾಗಿದೆಯಲ್ಲ ಎನ್ನಿಸಿತು. ತಪ್ಪೊಪ್ಪಿಕೊಳ್ಳಲು ಹೋಗುವವರು ಏನು ಹಿಡಿದು ಹೋಗಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸುಮತಿಯ ಮನೆಯ ಬಾಗಿಲು ತೆರೆದಾಗ ಚೀಲವನ್ನು ಬೆನ್ನ ಹಿಂದೆ ಹಿಡಿದಿದ್ದರು.

ಬಾಗಿಲು ತೆರೆದವರು ತಾಯಿ ನಾಗರತ್ನಮ್ಮ. ಗಂಡ ರೈಲ್ವೆಯಲ್ಲಿದ್ದವರು, ತುಮಕೂರಿನವರು. ಅವರು ಹೋದ ಮೇಲೂ ಈಕೆ ಊರಿಗೆ ಹಿಂತಿರುಗದೆ ಇಲ್ಲೇ ಉಳಿದಿದ್ದರು. ನಿನ್ನೆಯ ಸುದ್ದಿ ಇವರವರೆಗೆ ಬಂದಿರಲಿಲ್ಲ ಎಂಬುದು ಅವರ ಮೊದಲ ಮಾತಿನಲ್ಲೇ ಗೊತ್ತಾಯಿತು.

"ಆಫೀಸಿನವ್ರಾ? ವಾಂಗೊ, ಬನ್ನಿ ಬನ್ನಿ. ಹುಡುಗಿಗೆ ನಿನ್ನೆಯಿಂದ ತಲೆನೋವು, ಲೀವು ಹಾಕಿದಾಳೆ. ನೋಡೋಕೆ ಬಂದ್ರಲ್ಲ, ಎಷ್ಟು ಒಳ್ಳೇವ್ರಪ್ಪ ನೀವು."

ಒಳ್ಳೆಯವರು ಎಂಬ ಮಾತು ಕಪಾಳಕ್ಕೆ ಹೊಡೆದಂತಾಯಿತು. ಹರಿದಾಸರು ಚಪ್ಪಲಿ ಬಿಡಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು.

ಸುಮತಿ ಒಳಗಿಂದ ಬಂದು ನಿಂತಳು. ಬೈಯಲಿಲ್ಲ. ಅಮ್ಮನಿಗೆ ಕಾಫಿ ಮಾಡು ಎಂದು ಹೇಳಿ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಹರಿದಾಸರಿಗೆ ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತುಗಳೆಲ್ಲ ಮರೆತುಹೋದವು. ನಿನ್ನೆ ಏಕವಚನದಲ್ಲಿ ಆಡಿದ ನಾಲಿಗೆ ಇವತ್ತು ತಾನಾಗಿಯೇ ಬಹುವಚನಕ್ಕೆ ಬಾಗಿತು.

"ನೀವು ಬರೆದದ್ದು ಸರಿ ಇತ್ತು," ಎಂದರು. "ಸಾವಿರದ ಐನೂರ ಮೂವತ್ತಮೂರೇ ಸರಿ. ಇವತ್ತು ತಿಳೀತು."

"ಹೂಂ."

"ನಿನ್ನೆ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತಲ್ಲಮ್ಮ. ಯಾಕೆ ಸುಮ್ಮನಿದ್ರಿ?"

ಸುಮತಿ ಅವರನ್ನೇ ನೋಡಿದಳು. "ಹೇಳಿದ್ನಲ್ಲ ಸಾರ್."

"ಯಾವಾಗ?"

"ಅದು ಹಾಗೇ ಸಾರ್, ಆ ನಂಬರ್ ಕರೆಕ್ಟು ಅಂದೆ. ನೀವು, ಕೂತ್ಕೋ ಮಗೂ, ಕೂಡೋದು ಕಳೆಯೋದು ನಮ್ ಕಾಲ್ದಲ್ಲೂ ಹೇಳ್ಕೊಡ್ತಿದ್ರು ಅಂದ್ರಿ. ಎಲ್ಲಾರೂ ನಕ್ಕರು."

ಆ ನಗು ಹರಿದಾಸರಿಗೆ ಚೆನ್ನಾಗಿ ನೆನಪಿತ್ತು. ರಾತ್ರಿ ಅಡ್ಯಾರಿನ ಮನೆಗೆ ಹೋಗಿ, ಹೆಂಡತಿಗೆ ಆ ಮಾತನ್ನು ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ನಗಿಸಿದ್ದರು. ನೆನಪಿಲ್ಲದ್ದು ಅದಕ್ಕೆ ಮುಂಚೆ ಅವಳು ಆಡಿದ ಮಾತು. ತಮ್ಮ ಹಾಸ್ಯವನ್ನು ಕಾಪಿಟ್ಟುಕೊಂಡು, ಅವಳ ನಿಜವನ್ನು ಎಸೆದು ಬಂದಿದ್ದರು. ಕುರ್ಚಿಯಲ್ಲಿ ಕೂತಿದ್ದವರಿಗೆ ನೆಲದ ಮೇಲೆ ಕೂರಬೇಕೆನ್ನಿಸಿತು.

"ತಪ್ಪಾಯ್ತು," ಎಂದರು. ಅದಕ್ಕಿಂತ ದೊಡ್ಡ ಮಾತು ಅವರಲ್ಲಿರಲಿಲ್ಲ.

ಸುಮತಿ ಪರವಾಗಿಲ್ಲ ಎನ್ನಲಿಲ್ಲ. ಹಾಗೆ ಅನ್ನದೆ ಇದ್ದದ್ದಕ್ಕೆ ಅವರಿಗೆ ಒಂದು ಬಗೆಯ ಕೃತಜ್ಞತೆಯೇ ಆಯಿತು. ಕರವಸ್ತ್ರ ಬಿಚ್ಚಿ ಲೋಹದ ತುಂಡನ್ನು ಅವಳ ಕೈಗಿಟ್ಟು, ಮೂಸಿ ನೋಡಿ ಎಂದರು.

ಅವಳು ಮೂಸಿದಳು. ಮುಖದ ಬಣ್ಣ ಇಳಿದುಹೋಯಿತು. ಹಿಂದಿದ್ದ ದಿವಾನದ ಮೇಲೆ ಕೂತುಬಿಟ್ಟಳು.

"ಈ ಗಂಧ ತೇದಿದ್ದು ನಾನೇ," ಎಂದಳು.

ಹರಿದಾಸರು ಈ ಸಲ ಬಾಯಿ ಮುಚ್ಚಿಕೊಂಡಿರಬೇಕು ಎಂದು ತಮಗೇ ಹೇಳಿಕೊಂಡರು.

ಅವಳು ಬಿಟ್ಟು ಬಿಟ್ಟು ಹೇಳಿದಳು. ಪೂಜೆಯ ದಿನ ಗಂಧ ತೇಯುವುದು, ರಂಗೋಲಿ ಹಾಕುವುದು ಹೆಣ್ಣುಮಕ್ಕಳ ಕೆಲಸ. ಅವಳ ಸ್ಕ್ರೂಡ್ರೈವರ್‌ಗಳನ್ನೂ ಇತರರ ಅಳತೆಪಟ್ಟಿಗಳನ್ನೂ ದೇವರ ಮುಂದೆ ಜೋಡಿಸಿ ಎಲ್ಲದಕ್ಕೂ ಕುಂಕುಮ ಇಟ್ಟದ್ದು ಅವಳೇ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಆ ದಿನ ಯಂತ್ರ ಬಿಚ್ಚಬೇಕೆಂದರೆ ಅವಳಿಗೂ ಸಲಕರಣೆ ಇರಲಿಲ್ಲ. ರಜೆ ಮುಗಿಸಿ ಬಂದು, ನಮಸ್ಕಾರ ಮಾಡಿ ಸ್ಕ್ರೂಡ್ರೈವರ್ ಎತ್ತಿಕೊಂಡಾಗ, ಒಂದರ ಹಿಡಿಯ ಮೇಲೆ ಅವಳಿಟ್ಟ ಕುಂಕುಮದ ಬೊಟ್ಟು ಅಳಿಸಿ ಬಳಿದುಹೋಗಿತ್ತು. ಯಾರೋ ಮುಷ್ಟಿಯಲ್ಲಿ ಹಿಡಿದು ತಿರುಗಿಸಿದ್ದರು.

"ವಿಘ್ನೇಶ?" ಎಂದು ಹರಿದಾಸರು ಮೆಲ್ಲಗೆ ಕೇಳಿದರು.

ಅವನು ಕಂಪ್ಯೂಟರ್ ಇದ್ದ ಹಾಲಿನೊಳಗೇ ಬರಲಿಲ್ಲ, ಸ್ವೀಟ್ ಕೊಟ್ಟು ಬಾಗಿಲಿಂದಲೇ ಹೊರಟ ಎಂದಳು. ಪೂಜೆ ಆದ ಮೇಲೆ ಎಲ್ಲರೂ ಪುರಿ ಕಡಲೆ ತಿನ್ನಲು ಮಹಡಿಗೆ ಹೋದರು. ಕೆಳಗೆ ಉಳಿದವರು ಒಬ್ಬರೇ.

"ಯಾರು?"

ಸುಮತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅವಳ ಮುಖದಲ್ಲಿದ್ದದ್ದು ಭಯವಲ್ಲ. ಹರಿದಾಸರಿಗೆ ಅದರ ಗುರುತು ಹತ್ತಿತು, ಯಾಕೆಂದರೆ ಬೆಳಗಿನಿಂದ ಅದನ್ನೇ ತಾವೂ ಹೊತ್ತು ತಿರುಗುತ್ತಿದ್ದರು.

"ನಾಚಿಕೆ ಆಗುತ್ತೆ ಸಾರ್. ಹಬ್ಬಕ್ಕೆ ಮುಂಚೆ ನಾನೇ ಎರಡನ್ನೂ ಓಡ್ಸಿ ನೋಡಿದ್ದೆ. ನಮ್ಮ ಅಚ್ಚಿನ ಡ್ರಾಯಿಂಗು ಅಥ್ಲಾನ್‌ನಲ್ಲೇ ಬೇಗ ಮುಗೀತು, ಬೆಲೆನೂ ಕಮ್ಮಿ. ಅದನ್ನ ಬೋರ್ಡ್ ಮೇಲೆ ಬರೆದೆ. ಅವತ್ತು ಅವರು ಪಕ್ಕದಲ್ಲಿ ಕೂತು ಕೇಳಿದ್ರು, ಇಷ್ಟೆಲ್ಲ ಹೊಗಳ್ತೀಯಲ್ಲ, ಇದಕ್ಕೆ ಏನೂ ದೋಷಾನೇ ಇಲ್ವಾ ಅಂತ. ಇದೆ ಅಂದೆ. ಬಿಸಿಯಾದ್ರೆ ಪೆಂಟಿಯಂ ನಿಧಾನ ಆಗುತ್ತೆ, ಇದು ಹೋಗೇಬಿಡುತ್ತೆ, ಆ ಪೇಸ್ಟ್ ಒಂದು ಸರಿ ಇರ್ಬೇಕು ಅಂದೆ. ಎಷ್ಟು ಆಸಕ್ತಿಯಿಂದ ಕೇಳಿಸ್ಕೊಂಡ್ರು ಗೊತ್ತಾ. ದೊಡ್ಡೋರು ನನ್ನ ಹತ್ರ ಕಲೀತಿದಾರಲ್ಲ ಅಂತ ಹೆಮ್ಮೆ ಆಯ್ತು. ಅದರ ಕತ್ತು ಹಿಸುಕೋದು ಹೇಗೇಂತ ನಾನೇ ಹೇಳ್ಕೊಟ್ಟೆ."

ಮಾತು ನಿಲ್ಲಿಸಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. "ಅಪ್ಪ ಹೋದಾಗ ಕೆಲಸ ಕೊಟ್ಟವರು ಅವರು. ಅಮ್ಮ ಇವತ್ತಿಗೂ ದೀಪ ಹಚ್ಚುವಾಗ ಅವರ ಹೆಸರು ಹೇಳ್ತಾರೆ. ಬಾಯಿ ಬಿಟ್ಟು ಹೇಗೆ ಹೇಳ್ಲಿ?"

ಹೇಳಬೇಕಾಗಿರಲಿಲ್ಲ. ತಮ್ಮನ್ನು ಈ ಕೆಲಸಕ್ಕೆ ಕರೆದ ಫೋನ್ ಮಾತು ಹರಿದಾಸರ ಕಿವಿಯಲ್ಲಿ ಮತ್ತೆ ಶುರುವಾಗಿತ್ತು. ಕೃಷ್ಣಮೂರ್ತಿ ಫೀಸು ಕೇಳಿರಲಿಲ್ಲ, ಅನುಭವ ಕೇಳಿರಲಿಲ್ಲ. ಮೊದಲು ಕೇಳಿದ್ದು, ನಿಮಗೆ ಕಂಪ್ಯೂಟರ್ ಬರುತ್ತಾ ಎಂದು. ಹರಿದಾಸರು ಜಂಬದಿಂದ, ಒಂದಕ್ಷರವೂ ಬಾರದು, ಮನುಷ್ಯರನ್ನು ಓದಬಲ್ಲೆ ಎಂದಿದ್ದರು. ಅಂಥವರೇ ಬೇಕಾಗಿತ್ತು ಎಂದಿದ್ದರು ಕೃಷ್ಣಮೂರ್ತಿ. ಅದನ್ನು ಹೊಗಳಿಕೆ ಎಂದು ಜೇಬಿಗೆ ಹಾಕಿಕೊಂಡಿದ್ದರು.

ಪೆಂಟಿಯಮ್ಮೇ ಶ್ರೇಷ್ಠ ಎಂದು ಕೃಷ್ಣಮೂರ್ತಿ ಮಾಲೀಕರಿಗೆ ಹೇಳಿ ಆಗಿತ್ತು ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದೇ ಮಾಲೀಕರ ಎದುರು, ತಾನೇ ಕೆಲಸ ಕೊಟ್ಟ ಹುಡುಗಿಯ ಅಥ್ಲಾನ್ ಗೆದ್ದರೆ ಮುಖ ಎಲ್ಲಿಡುವುದು? ಮರ್ಯಾದೆ ಉಳಿಸಿಕೊಳ್ಳಲು ಒಬ್ಬನು ಯಂತ್ರ ಸುಟ್ಟ. ಆ ಬೂದಿಯನ್ನು ಹುಡುಗಿಯ ಹಣೆಗೆ ಹಚ್ಚಲು ಇನ್ನೊಬ್ಬ ತಾನಾಗಿಯೇ ಕೈ ಜೋಡಿಸಿದ.

ಅಷ್ಟರಲ್ಲಿ ಫೋನು ರಿಂಗಾಯಿತು.

ನಾಗರತ್ನಮ್ಮ ಕಾಫಿಯ ಕೈಯಲ್ಲೇ ಬಂದು ಎತ್ತಿಕೊಂಡರು. ಮುಖ ಅರಳಿತು. ಚೆನ್ನಾಗಿದೀವಿ ಸಾರ್, ನಿಮ್ಮ ದಯ ಎಂದರು. ಆಮೇಲೆ ಅಚ್ಚರಿಯಿಂದ ರಿಸೀವರನ್ನು ಹರಿದಾಸರ ಕಡೆ ಚಾಚಿದರು.

"ಕೃಷ್ಣಮೂರ್ತಿಗಳು. ನಿಮ್ಮನ್ನೇ ಕೇಳ್ತಿದಾರೆ."

ನಾಗರತ್ನಮ್ಮ ಕಾಫಿ ತರಲು ಮತ್ತೆ ಒಳಗೆ ಹೋದರು. ಸುಮತಿ ಎದ್ದು ನಿಂತಳು.

"ನೀವು ಹೋಗ್ತೀನಿ ಅಂದಿದ್ದ ಭೋಜರಾಜನ ಅಂಗಡಿಗೆ ಫೋನ್ ಮಾಡಿದ್ದೆ," ಎಂದರು ಕೃಷ್ಣಮೂರ್ತಿ, ಮನೆಯವರ ಯೋಗಕ್ಷೇಮ ವಿಚಾರಿಸುವ ದನಿಯಲ್ಲಿ. "ಕ್ರೋಂಪೇಟೆಗೆ ಹೋದ್ರು ಅಂದ. ಇನ್ಸ್‌ಪೆಕ್ಟರು ಬಂದು ಕೂತಿದಾರೆ. ನೀವೊಂದು ಸಲ ಬಂದು ನಿನ್ನೆ ಹೇಳಿದ್ದನ್ನೇ ಹೇಳಿಬಿಟ್ರೆ ಮುಗೀತು."

"ನಿನ್ನೆ ಹೇಳಿದ್ದು ತಪ್ಪು," ಎಂದರು ಹರಿದಾಸರು. "ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಂದು ಹೆಣ್ಣುಮಗಳ ಮಾನ ತೆಗೆದೆ. ಎಲ್ಲರನ್ನೂ ಅದೇ ಹಾಲಿನಲ್ಲಿ ಕೂರಿಸಿ. ನನಗೇನೂ ಗೊತ್ತಿಲ್ಲ ಅಂತ ಅವರೆದುರೇ ಒಪ್ಕೋತೀನಿ. ಆಮೇಲೆ ಗಂಧ ಹಚ್ಚಿದ್ದು ಯಾರು ಅಂತಾನೂ ಹೇಳ್ತೀನಿ."

ಕೊನೆಯ ಮಾತು ಆಡಬಾರದಿತ್ತು. ಎದುರಾಳಿಗೆ ಕೈಯಲ್ಲಿರುವ ಇಸ್ಪೀಟೆಲೆ ತೋರಿಸುವುದು ಅವರ ಕಸುಬಿನ ರೀತಿಯಲ್ಲ. ಆದರೆ ನಾಚಿಕೆ ಎಂಬುದು ಎಂಥ ಗುಟ್ಟಿನ ಮನುಷ್ಯನನ್ನೂ ವಾಚಾಳಿ ಮಾಡುತ್ತದೆ.

ಆ ಕಡೆ ಪಕ್ಕದಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದು ಕೇಳಿತು. ಬಳಿಕ ಕೃಷ್ಣಮೂರ್ತಿ ಸಣ್ಣಗೆ ನಕ್ಕರು.

"ಬನ್ನಿ, ಎಲ್ಲರನ್ನೂ ಕೂರಿಸಿರ್ತೀನಿ. ದಾರಿಯಲ್ಲಿ ಒಂದೇ ಒಂದು ಯೋಚನೆ ಮಾಡ್ಕೊಂಡು ಬನ್ನಿ, ಹರಿದಾಸ್. ನನಗೇನೂ ಗೊತ್ತಿಲ್ಲ ಅಂತ ಸಭೆಯಲ್ಲಿ ಒಪ್ಕೊಂಡ ಮನುಷ್ಯ, ಅದೇ ಬಾಯಲ್ಲಿ ಇನ್ನೊಬ್ಬರ ಹೆಸರು ಹೇಳಿದ್ರೆ, ಯಾರ್ರೀ ನಂಬ್ತಾರೆ?"

ಫೋನು ಕಟ್ಟಾಯಿತು.

ಹರಿದಾಸರು ರಿಸೀವರ್ ಹಿಡಿದೇ ನಿಂತಿದ್ದರು. ನಾಗರತ್ನಮ್ಮ ಹೊರಗೆ ಬಂದು, ಕಾಫಿ ಆರಿಹೋಗುತ್ತಿದೆ ಎಂದು ಲೋಟ ಮುಂದೆ ಹಿಡಿದು, ಎಂಥ ದೊಡ್ಡ ಮನುಷ್ಯರು ಅಲ್ವಾ ಅವರು ಎಂದು ಮಗಳ ಕಡೆ ತಿರುಗಿದರು.

ಸುಮತಿ ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ನಿನ್ನೆ ತನ್ನನ್ನು ಕಳ್ಳಿ ಎಂದ ಆ ಮುಖವನ್ನೇ ನೋಡುತ್ತ, ಅದು ಏನು ಹೇಳುತ್ತದೋ ಎಂದು ಕಾಯುತ್ತಿದ್ದಳು.